ಹಳೆಯ ಟ್ರಾನ್ಸ್‌ಫಾರ್ಮರ್ಸ್ ಕೊಳ್ಳುವ ಮುಂಚೆ: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ

ಸೆಕೆಂಡ್‌ಹ್ಯಾಂಡ್ ಟ್ರಾನ್ಸ್‌ಫಾರ್ಮರ್ಸ್ ಎಂಬ, ವಾಹನದಿಂದಲೋ ಬೇರೆ ವಸ್ತುವಿನಿಂದಲೋ ರೋಬೋ ಆಗಿ ಬದಲಾಗುವ ಆಟಿಕೆ ಕೊಂಡು ಕೈ ಸುಟ್ಟುಕೊಂಡವರ ಕಥೆಗಳು ಬಹುಪಾಲು ಒಂದೇ ಥರ ಇರುತ್ತವೆ. ಫೋಟೋ ಚೆನ್ನಾಗಿತ್ತು, ಯುಪಿಐನಲ್ಲಿ ದುಡ್ಡು ಹೋಯಿತು, ಪಾರ್ಸಲ್ ಬಂತು. ಬಂದದ್ದೇ ತಡ, ಲಾರಿಯನ್ನು ರೋಬೋ ಮಾಡಲು ಹೊರಟರು, ಭುಜದಲ್ಲಿ ಟಕ್ ಅಂತು. ಬಿರುಕು ಮೊದಲೇ ಇತ್ತೋ, ಈಗ ತಾವೇ ಮುರಿದದ್ದೋ? ಉತ್ತರವಿಲ್ಲ. ಮಾರಿದವರು ಫೋನ್ ಎತ್ತುವುದಿಲ್ಲ.

ಇಲ್ಲಿ ಬಹಳ ಸಲ ತಪ್ಪುವುದು ಕ್ರಮ. ಎತ್ತು ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ, ನೊಗಕ್ಕೆ ಕಟ್ಟಿ ನೋಡುವುದು ಆಮೇಲೆ. ಇಲ್ಲಿಯೂ ಹಾಗೇ. ಟ್ರಾನ್ಸ್‌ಫಾರ್ಮ್ ಮಾಡಿ ನೋಡುವುದು ಆರನೆಯ ಹಂತ, ಮೊದಲನೆಯದಲ್ಲ. ಐದನೆಯ ಹಂತದೊಳಗೇ ‘ಬೇಡ’ ಅನಿಸಿದರೆ ಆರನೆಯದಕ್ಕೆ ಹೋಗುವ ಅಗತ್ಯವೇ ಇಲ್ಲ.

ಬೇಕಾಗುವ ಸಾಮಾನು

ಬಿಳಿ ಟವೆಲ್ ಒಂದು. ಸಣ್ಣ ಸ್ಕ್ರೂ, ಸ್ಪ್ರಿಂಗ್ ಬಿದ್ದರೆ ಉರುಳಿ ಹೋಗುವುದಿಲ್ಲ, ಬಿದ್ದದ್ದು ಕಣ್ಣಿಗೂ ಬೀಳುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಅಕ್ಕಸಾಲಿಗರು ಬಳಸುವಂಥ ಕಣ್ಣುಗಾಜು. ಮೊಬೈಲ್ ಟಾರ್ಚ್ ಸಾಕು. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆ ತೂಕದ ಯಂತ್ರ. ಪ್ಲಾಸ್ಟಿಕ್ಕಿನ ವರ್ನಿಯರ್ ಕ್ಯಾಲಿಪರ್. ಲೋಹದ್ದು ಬೇಡ, ಬಣ್ಣ ಗೀಚುತ್ತದೆ. ಧೂಳು ಕೊಡವಲು ಮೆತ್ತನೆಯ ಪೇಂಟ್ ಬ್ರಷ್. ಆ ಆಟಿಕೆಯ ಸೂಚನಾ ಹಾಳೆಯ ಸ್ಕ್ಯಾನ್ ಫೋನಿನಲ್ಲಿ ಇರಲಿ.

ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ, ಆದರೆ ನಿಮ್ಮದಾಗುವವರೆಗೆ ಬಿಚ್ಚಬೇಡಿ. ಬಿಚ್ಚುವಾಗಲೂ ಜಪಾನ್ ಅಳತೆಯ ಜೆಐಎಸ್ ತುದಿ ಇದ್ದರೆ ಒಳ್ಳೆಯದು. ಸಾಧಾರಣ ಫಿಲಿಪ್ಸ್ ತುದಿ ಈ ಆಟಿಕೆ ಮಾಡುವ ಜಪಾನಿನ ಟಕಾರಾಟೋಮಿ ಕಂಪನಿಯ ಸ್ಕ್ರೂಗಳಲ್ಲಿ ಸರಿಯಾಗಿ ಕೂರದೆ ಜಾರಿ ತಲೆ ಸವೆಸುತ್ತದೆ.

ಅಯಸ್ಕಾಂತ ತರುವವರಿದ್ದಾರೆ, ‘ಮೆಟಲ್ ಹೌದೋ ಅಲ್ಲವೋ’ ನೋಡಲು. ಅದರಿಂದ ಏನೂ ತಿಳಿಯುವುದಿಲ್ಲ. ಡೈಕಾಸ್ಟ್ ಭಾಗಗಳು, ಅಂದರೆ ಅಚ್ಚಿಗೆ ಸುರಿದು ಮಾಡಿದ ಲೋಹದ ಭಾಗಗಳು, ಸತುವಿನ ಮಿಶ್ರಲೋಹದವು, ಅವಕ್ಕೆ ಅಯಸ್ಕಾಂತ ಅಂಟುವುದೇ ಇಲ್ಲ. ಅಂಟಿದರೆ ಒಳಗಿನ ಉಕ್ಕಿನ ಪಿನ್ನಿಗೋ ಸ್ಕ್ರೂಗೋ ಅಂಟಿರುತ್ತದೆ, ಅವು ನಕಲಿಯಲ್ಲೂ ಇರುತ್ತವೆ.

ಹಂತ 1: ಕೈಯಲ್ಲಿರುವುದು ಯಾವ ಜಾತಿಯದು

ಒಂದೇ ಪಾತ್ರದ ಆಟಿಕೆ ನಾಲ್ಕು ಬಗೆಯಲ್ಲಿ ಸಿಗುತ್ತದೆ: ಆ ಕಾಲದ ಅಸಲಿ, ಕಂಪನಿಯೇ ಆಮೇಲೆ ಹೊರತಂದ ಮರುಮುದ್ರಣ, ನಕಲಿ ಅಂದರೆ ಸಂಗ್ರಾಹಕರ ಬಾಯಲ್ಲಿ ಕೆಓ (ನಾಕ್ ಆಫ್), ಮತ್ತು ಥರ್ಡ್ ಪಾರ್ಟಿ. ಕೊನೆಯದು ಪರವಾನಗಿ ಇಲ್ಲದೆ ಬೇರೆಯವರು ತಾವೇ ವಿನ್ಯಾಸ ಮಾಡಿದ್ದು. ಅದು ಕೆಓ ಅಲ್ಲ, ಅದರ ಬೆಲೆಯ ಲೆಕ್ಕವೇ ಬೇರೆ. ಯಾವ ಜಾತಿ ಎಂದು ತಿಳಿಯದೆ ಬೆಲೆ ಮಾತಾಡಿದರೆ ಮಾತು ಎಲ್ಲಿಗೋ ಹೋಗುತ್ತದೆ.

ಎಲ್ಲರೂ ಎಡವುವುದು ಇಸವಿಯಲ್ಲಿ. ಬೆನ್ನಿನಲ್ಲೋ ಕಾಲಿನ ಒಳಗೋ ಅಚ್ಚಿನಲ್ಲೇ ಮೂಡಿದ ಇಸವಿ ಆ ಅಚ್ಚಿನ ಹಕ್ಕುಸ್ವಾಮ್ಯದ್ದು, ಆಟಿಕೆ ತಯಾರಾದ ವರ್ಷದ್ದಲ್ಲ. ಅಮೆರಿಕದ ಹ್ಯಾಸ್ಬ್ರೋ ಕಂಪನಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಲ್ಲಿ ಮಾರಾಟ ಶುರುಮಾಡಿದ್ದು 1984ರಲ್ಲಿ. ಮೊದಲ ಕಂತಿನ ಬಹುಪಾಲು ಅಚ್ಚುಗಳು ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್, ಮೈಕ್ರೋ ಚೇಂಜ್ ಸರಣಿಗಳಿಂದ ಬಂದವು. ಹಾಗಾಗಿ 1984ಕ್ಕಿಂತ ಹಿಂದಿನ ಇಸವಿ ಕಂಡು ‘ಇದು ಇನ್ನೂ ಹಳೇದು ಸಾರ್, ರೇರ್’ ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಅದೇ ಅಚ್ಚಿನಿಂದ 2000ದ ನಂತರ ಬಂದ ಮರುಮುದ್ರಣದಲ್ಲೂ ಹಳೇ ಇಸವಿಯೇ ಇರಬಹುದು.

ಇಸವಿಗಿಂತ ಚೆನ್ನಾಗಿ ಹೇಳುವ ಗುರುತುಗಳಿವೆ. ಜಿ1, ಅಂದರೆ 1984ರಲ್ಲಿ ಶುರುವಾದ ಮೊದಲ ಸರಣಿಯ (ಜನರೇಷನ್ 1), ಲಾರಿಯಾಗುವ ಆಪ್ಟಿಮಸ್ ಪ್ರೈಮ್ ತೆಗೆದುಕೊಳ್ಳಿ. ಮೂಲದಲ್ಲಿ ಲಾರಿಯ ಹೊಗೆ ಕೊಳವೆಗಳು ಉದ್ದ. 2002ರಲ್ಲಿ ಅಮೆರಿಕದಲ್ಲಿ ಬಂದ ಮರುಮುದ್ರಣದಲ್ಲಿ ಮಕ್ಕಳ ಸುರಕ್ಷತಾ ನಿಯಮಕ್ಕಾಗಿ ಅವನ್ನು ಗಿಡ್ಡ ಮಾಡಿದರು. ಗಿಡ್ಡ ಕೊಳವೆ ತೋರಿಸಿ ‘ಎಂಬತ್ತನಾಲ್ಕರದ್ದು’ ಅಂದರೆ ಮಾತು ಅಲ್ಲಿಗೇ ನಿಲ್ಲಿಸಬಹುದು. ತುದಿ ಒರಟಾಗಿದ್ದರೆ ಉದ್ದ ಕೊಳವೆಯೇ ಮುರಿದಿರಲೂಬಹುದು. ಕಣ್ಣುಗಾಜಿನಲ್ಲಿ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಗುರುತು ರಬ್ ಸೈನ್, ಹೆಬ್ಬೆರಳಿನ ಬಿಸಿಗೆ ಆಟೋಬಾಟ್ ಅಥವಾ ಡಿಸೆಪ್ಟಿಕಾನ್ (ಕಥೆಯ ಎರಡು ಎದುರಾಳಿ ಪಕ್ಷಗಳು) ಮುಖ ಮೂಡಿಸುವ ಕಪ್ಪು ಚೌಕದ ಸ್ಟಿಕರ್. ಇದು ಬಂದದ್ದು 1985ರಿಂದ. 1984ರ ಮೊದಲ ಕಂತಿನಲ್ಲಿ ಇರಲಿಲ್ಲ. ಆದರೆ ‘ರಬ್ ಸೈನ್ ಇಲ್ಲ, ಹಾಗಾಗಿ 1984’ ಎಂಬ ತರ್ಕ ನಡೆಯುವುದಿಲ್ಲ. ಸ್ಟಿಕರ್ ಉದುರಿರಬಹುದು, ನಕಲಿಯೂ ಆಗಿರಬಹುದು. ಇದ್ದರೂ ಹೊಸದಾಗಿ ಅಂಟಿಸಿದ್ದಿರಬಹುದು. ಒಂದೇ ಗುರುತಿನ ಮೇಲೆ ನಿಲ್ಲಬೇಡಿ, ಮೂರಾದರೂ ಒಂದೇ ಕಡೆಗೆ ಕೈ ತೋರಿಸಬೇಕು.

ಮಾಸ್ಟರ್‌ಪೀಸ್ ಎಂಬ, ಸಂಗ್ರಾಹಕರಿಗಾಗಿ ಮಾಡಿದ ಸರಣಿಯಲ್ಲಿ ಗೊಂದಲ ಬೇರೆ ಥರದ್ದು. 2003ರ ಎಂಪಿ-01, 2011ರ ಎಂಪಿ-10, 2019ರ ಎಂಪಿ-44 ಮೂರೂ ಆಪ್ಟಿಮಸ್‌ಗಳೇ (ಜಪಾನಿನಲ್ಲಿ ಹೆಸರು ಕಾನ್ವಾಯ್), ಆದರೆ ಅಚ್ಚು ಬೇರೆ ಬೇರೆ. ಜಾಹೀರಾತಿನಲ್ಲಿ ಬರೀ ‘ಮಾಸ್ಟರ್‌ಪೀಸ್ ಪ್ರೈಮ್’ ಅಂತಿದ್ದರೆ ಮೊದಲು ಸಂಖ್ಯೆ ಕೇಳಿ. ಈ ಮೂರರಲ್ಲಿ ಎಂಪಿ-10ರ ನಕಲಿ ಬಹಳ ಓಡಾಡುತ್ತದೆ, ಮೂಲಕ್ಕಿಂತ ದೊಡ್ಡ ಅಳತೆಯದೂ ಸೇರಿ.

ಹಂತ 2: ಹೋಗುವ ಮುಂಚೆ ತರಿಸಿಕೊಳ್ಳಬೇಕಾದ ಫೋಟೋ

ಶೋಕೇಸಿನಲ್ಲಿ ನಿಂತ ಫೋಟೋ ಯಾವ ಕೆಲಸಕ್ಕೂ ಬಾರದು. ಹೀಗೆ ಕೇಳಿ: ‘ಅಣ್ಣಾ, ಬೆನ್ನಿನ ಬರಹದ ಹತ್ತಿರದ ಫೋಟೋ, ಎರಡೂ ಭುಜದ ಪಿನ್ನು, ಸೊಂಟ, ಅರ್ಧ ಟ್ರಾನ್ಸ್‌ಫಾರ್ಮ್ ಮಾಡಿದಾಗಿನದು ಒಂದು. ಇವತ್ತಿನ ತಾರೀಖು ಬರೆದ ಚೀಟಿ ಪಕ್ಕದಲ್ಲಿ ಇಟ್ಟು ಕಳಿಸಿ.’ ಅರ್ಧ ಟ್ರಾನ್ಸ್‌ಫಾರ್ಮ್ ಮಾಡಿದ ಫೋಟೋವನ್ನು ಸಂಗ್ರಾಹಕರು ಮರುಮಾತಿಲ್ಲದೆ ಕಳಿಸುತ್ತಾರೆ. ಬೇರೆಯವರ ಫೋಟೋ ಎತ್ತಿ ಹಾಕಿದವರು ‘ಊರಲ್ಲಿಲ್ಲ’ ಅನ್ನುತ್ತಾರೆ.

ಎಲ್ಲಿ ಇಟ್ಟಿದ್ದರು ಎಂಬುದನ್ನೂ ಕೇಳಿ. ಮಂಗಳೂರು, ಉಡುಪಿ ಕಡೆಯ ತೇವದಲ್ಲಿ ವರ್ಷಗಟ್ಟಲೆ ಇದ್ದದ್ದಾದರೆ ತುಕ್ಕು, ಬೂಷ್ಟು ಮೊದಲು ಹುಡುಕಬೇಕು. ಕಲಬುರಗಿ, ರಾಯಚೂರಿನ ಬೇಸಿಗೆ ಕಂಡದ್ದಾದರೆ ಮೆತ್ತನೆಯ ಪಿವಿಸಿ ಬಂದೂಕು, ಕತ್ತಿ ಸೊಟ್ಟಗಾಗಿವೆಯೇ ನೋಡಬೇಕು. ಸೊಟ್ಟಗಾದದ್ದು ದೊಡ್ಡ ದೋಷವಲ್ಲ. ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಂತ 3: ಮುಟ್ಟದೆ ನೋಡಿ

ಟವೆಲ್ ಮೇಲೆ ಇಡಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡು ಟಾರ್ಚ್ ಬೆಳಕಲ್ಲಿ ಸುತ್ತ ನೋಡಿ. ಸಮಯ ಖರ್ಚು ಮಾಡಬೇಕಾದ ಹಂತ ಇದೇ.

ಮೊದಲು ಚಿನ್ನದ ಬಣ್ಣದ ಪ್ಲಾಸ್ಟಿಕ್. ಮೇಲೆ ಬಳಿದ ಚಿನ್ನದ ಬಣ್ಣವಲ್ಲ, ಪ್ಲಾಸ್ಟಿಕ್ಕಿನೊಳಗೇ ಮಿನುಗುವ ಕಣ ಬೆರೆತು ಸುಳಿಸುಳಿಯಾಗಿ ಕಾಣುವಂಥದ್ದು. ವರ್ಷ ಕಳೆದಂತೆ ಇಂಥ ಪ್ಲಾಸ್ಟಿಕ್ ಒಳಗಿಂದಲೇ ಬಲ ಕಳೆದುಕೊಂಡು, ಪಿನ್ ಇರುವ ಕಡೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಇದಕ್ಕೆ ಸಂಗ್ರಾಹಕರು ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್ ಅನ್ನುತ್ತಾರೆ. ಪೆಟ್ಟಿಗೆಯಿಂದ ಹೊರಗೇ ತೆಗೆಯದಿದ್ದರೂ ಬಿಡುವುದಿಲ್ಲ. ಜನರೇಷನ್ 2 ಸರಣಿಯ ಎಲೆಕ್ಟ್ರೋ, ವೋಲ್ಟ್, ಜಪಾನಿನ ಬ್ಲ್ಯಾಕ್ ಜರಾಕ್ ಇದಕ್ಕೆ ಹೆಸರಾದವು. ಎಲ್ಲ ಚಿನ್ನದ ಪ್ಲಾಸ್ಟಿಕ್ಕೂ ಹೀಗಾಗುವುದಿಲ್ಲ, ಆದರೆ ಹೊರಗಿಂದ ನೋಡಿ ಹೇಳಲು ಬರುವುದಿಲ್ಲ. ಇಂಥದ್ದನ್ನು ಕೊಳ್ಳುವುದಾದರೆ ಶೋಕೇಸಿಗೆ ಮಾತ್ರ ಅಂತ ಕೊಳ್ಳಿ, ತಿರುಗಿಸಿ ನೋಡಲು ಹೋಗಬೇಡಿ. ನನ್ನ ಮಟ್ಟಿಗೆ ಅಷ್ಟು ದುಡ್ಡು ಕೊಟ್ಟು ಮುಟ್ಟಬಾರದ ಆಟಿಕೆ ಬೇಡ.

ಎರಡನೆಯದು ಪಿನ್ನುಗಳ ಸುತ್ತ. ಕೆಂಪು, ನೀಲಿ, ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಕೀಲಿನ ಹತ್ತಿರ ಬೆಳ್ಳಗಿನ ಗೆರೆ ಅಥವಾ ಮಸುಕು ಕಂಡರೆ ಅದು ಒತ್ತಡದ ಗುರುತು. ಉಗುರಿಗೆ ಸಿಗದ ಬಿಳಿ ಮಸುಕಾದರೆ ಪ್ಲಾಸ್ಟಿಕ್ ಬಾಗಿದೆ, ಇನ್ನೂ ಒಡೆದಿಲ್ಲ. ಉಗುರು ಸಿಕ್ಕಿಕೊಳ್ಳುವ ಗೆರೆಯಾದರೆ ಒಡೆದಿದೆ. ಪಾರದರ್ಶಕ ಭಾಗದಲ್ಲಿ, ಅಂದರೆ ಕಿಟಕಿ ಗಾಜು, ಕಾಕ್‌ಪಿಟ್ ಮುಚ್ಚಳದಲ್ಲಿ, ಪಿನ್ನಿನಿಂದ ಹೊರಟ ಸಣ್ಣ ಬಿರುಕು ಟಾರ್ಚನ್ನು ಓರೆಯಾಗಿ ಹಿಡಿದಾಗ ಮಾತ್ರ ಮಿಂಚುತ್ತದೆ. ನೇರ ಬೆಳಕಲ್ಲಿ ಕಾಣುವುದಿಲ್ಲ. ಇಲ್ಲೇ ಬಹಳ ಜನ ಮೋಸ ಹೋಗುವುದು.

ಬಿರುಕಿನ ಪಕ್ಕ ಉಸಿರು ಬಿಟ್ಟಂಥ ಬಿಳಿ ಮಂಜು ಇದ್ದರೆ ಫೆವಿಕ್ವಿಕ್ ಥರದ ಅಂಟು ಬಿದ್ದಿದೆ ಎಂದರ್ಥ. ಕೇಳಿದರೆ ‘ಧೂಳು’ ಅನ್ನುತ್ತಾರೆ. ಬ್ರಷ್ ಆಡಿಸಿ, ಧೂಳಾದರೆ ಹೋಗುತ್ತದೆ.

ಬಿಳಿ ಪ್ಲಾಸ್ಟಿಕ್ ಹಳದಿ ತಿರುಗುವುದು ಸಾಮಾನ್ಯ. 1985ರ ಜೆಟ್‌ಫೈರ್ ಇದರಲ್ಲಿ ಕುಖ್ಯಾತ. ಬಿಸಿಲು ಬೀಳುವ ಹೊರಭಾಗವನ್ನು ಮಡಚಿದಾಗ ಒಳಗಿರುವ ಭಾಗದ ಜೊತೆ ಹೋಲಿಸಿ. ಹೊರಗಷ್ಟೇ ಹಳದಿಯಾಗಿದ್ದರೆ ಅದು ಸಹಜ ವಯಸ್ಸು, ಬೆಲೆ ಇಳಿಸಿ ಕೊಳ್ಳಬಹುದು. ಹಳೆಯದಾಗಿಯೂ ಹೊರಗೆ ಸುಣ್ಣ ಬಳಿದಷ್ಟು ಬೆಳ್ಳಗಿದ್ದು ಒಳಗೆ ಕೆನೆ ಬಣ್ಣ ಇದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿಚಿಸಿದ್ದಾರೆ. ಆ ಬಿಳುಪು ನಿಲ್ಲುತ್ತದೆ ಎಂಬ ಭರವಸೆ ಇಲ್ಲ.

ಕ್ರೋಮ್ ಸವೆತ, ಲೋಹದ ಅಂಚಿನಲ್ಲಿ ಉದುರಿದ ಬಣ್ಣ, ಎದ್ದ ಸ್ಟಿಕರ್ ಅಂಚು ಕಣ್ಣಿಗೇ ಕಾಣುತ್ತವೆ. ‘ಒರೆಸಿದರೆ ಹೊಳೆಯುತ್ತೆ’ ಅಂದರೆ ಒರೆಸಲು ಬಿಡಬೇಡಿ. ಆಟಿಕೆಯ ಕ್ರೋಮ್ ತೆಳು ಪದರ, ಸ್ಪಿರಿಟ್ ತಾಗಿದರೆ ಎದ್ದುಬರಬಹುದು. ಪಿನ್ನಿನ ತೂತಿನಿಂದ ಕೆಳಕ್ಕೆ ಕಂದು ಕಲೆ ಇಳಿದಿದ್ದರೆ ಒಳಗಿನ ಉಕ್ಕು ತುಕ್ಕು ಹಿಡಿದಿದೆ. ಅಂಥ ಕೀಲನ್ನು ತಿರುಗಿಸಿದರೆ ಪಿನ್ ಸುತ್ತುವುದಿಲ್ಲ, ಸುತ್ತಲಿನ ಪ್ಲಾಸ್ಟಿಕ್ ಒಡೆಯುತ್ತದೆ.

ಹಂತ 4: ಅಳತೆ ಮತ್ತು ತೂಕ

ನಕಲಿಯನ್ನು ಹಿಡಿಯಲು ನಂಬಬಹುದಾದ ದಾರಿ ಇದು. ಅಸಲಿ ಆಟಿಕೆಯಿಂದಲೇ ಅಚ್ಚು ತೆಗೆದು ನಕಲಿ ಮಾಡಿದರೆ, ಬಿಸಿ ಪ್ಲಾಸ್ಟಿಕ್ ಆರುವಾಗ ಕುಗ್ಗುವುದರಿಂದ ಅದು ಮೂಲಕ್ಕಿಂತ ಚೂರು ಚಿಕ್ಕದಾಗುತ್ತದೆ. ಕಣ್ಣಿಗೆ ಗೊತ್ತಾಗದ ವ್ಯತ್ಯಾಸ ಕ್ಯಾಲಿಪರಿಗೆ ಗೊತ್ತಾಗುತ್ತದೆ. ಅದೇ ಆಟಿಕೆ ಇರುವ ನಂಬಿಕಸ್ಥರಿಂದ ಮೂರು ಅಳತೆ ಮೊದಲೇ ತರಿಸಿಕೊಳ್ಳಿ: ತಲೆಯ ಅಗಲ, ಮೊಣಕಾಲ ಕೆಳಗಿನ ಉದ್ದ, ಚಕ್ರದ ವ್ಯಾಸ. ಆಯುಧಗಳನ್ನೆಲ್ಲ ತೆಗೆದಿಟ್ಟಾಗಿನ ತೂಕವೂ ಇರಲಿ. ಒಟ್ಟು ಎತ್ತರ ಅಳೆದರೆ ನಿಂತ ಭಂಗಿಯಿಂದಲೇ ಹೆಚ್ಚುಕಡಿಮೆಯಾಗುತ್ತದೆ, ಅದನ್ನು ನೆಚ್ಚಬೇಡಿ.

ಈಗಿನ ನಕಲಿಗಳು ಬೇಕೆಂದೇ ದೊಡ್ಡದಾಗಿ ಬರುವುದೂ ಉಂಟು, ಸ್ಕ್ಯಾನ್ ಮಾಡಿ ಅಳತೆ ಸರಿಪಡಿಸಿಕೊಂಡವೂ ಉಂಟು. ಆದ್ದರಿಂದ ಅಳತೆ ಸರಿಯಿದ್ದರೂ ಅಚ್ಚಿನ ಬರಹವನ್ನು ಕಣ್ಣುಗಾಜಿನಲ್ಲಿ ಓದಿ. ಅಸಲಿಯಲ್ಲಿ ಅಕ್ಷರದ ಅಂಚು ಚೂಪು, ಆಳ ಒಂದೇ ಸಮ. ನಕಲಿಯಲ್ಲಿ ಅಕ್ಷರ ಕರಗಿದಂತೆ ದುಂಡಗೆ, ಅಥವಾ ಕಂಪನಿ ಹೆಸರಿನ ಸಾಲನ್ನೇ ಕೆರೆದು ತೆಗೆದ ಖಾಲಿ ಚೌಕ. ಭಾಗಗಳ ಜೋಡಣೆಯಲ್ಲಿ ಮಿಕ್ಕಿ ಹೊರಬಂದ ತೆಳು ಪ್ಲಾಸ್ಟಿಕ್ ಅಂಚು, ಕಣ್ಣಿನಿಂದ ಹೊರಗೆ ಹರಿದ ಬಣ್ಣ, ಸೀಮೆಎಣ್ಣೆಯಂಥ ಕಟುವಾಸನೆ, ಇವು ಕೂಡಿಬಂದರೆ ಮುಂದಿನ ಹಂತ ಬೇಕಿಲ್ಲ. ಕೆಓ ಎಂದು ಹೇಳಿಯೇ ಕೆಓ ಬೆಲೆಗೆ ಮಾರಿದರೆ ತಗಾದೆಯಿಲ್ಲ.

ಹಂತ 5: ಕೀಲುಗಳು

ಈಗ ಮುಟ್ಟಿ. ಕೈ ತೊಳೆದು ಒಣಗಿಸಿಕೊಂಡರೆ ಸಾಕು, ಬಟ್ಟೆ ಗ್ಲೌಸ್ ಹಾಕಿದರೆ ಜಾರುತ್ತದೆ. ಎಸಿ ಕೋಣೆಯಿಂದ ಈಗಷ್ಟೇ ತೆಗೆದದ್ದಾದರೆ ಹತ್ತು ನಿಮಿಷ ಬಿಡಿ, ತಣ್ಣಗಿರುವ ಪ್ಲಾಸ್ಟಿಕ್ ಬೇಗ ಒಡೆಯುತ್ತದೆ.

ಒಂದು ಕೀಲು, ಒಂದು ದಿಕ್ಕು, ಸ್ವಲ್ಪವೇ. ಎಡಗೈ ಕೀಲಿನ ಹಿಂದೆ ಆಸರೆಯಾಗಿರಲಿ. ತುದಿ ಹಿಡಿದು ಎಳೆಯಬೇಡಿ, ಕೀಲಿನ ಪಕ್ಕದಲ್ಲೇ ಹಿಡಿಯಿರಿ. ಕಟಕಟ ಎನ್ನುವ ರ್ಯಾಚೆಟ್ ಕೀಲಾದರೆ ಎಡ ಬಲ ಎರಡರಲ್ಲೂ ಅಷ್ಟೇ ಸಲ ಸದ್ದು ಬರಬೇಕು. ಒಂದು ಕಡೆ ಸದ್ದು ತಪ್ಪಿದರೆ ಹಲ್ಲು ಸವೆದಿದೆ. ಸದ್ದೇ ಇಲ್ಲದೆ ನುಣ್ಣಗೆ ಸುತ್ತಿದರೆ ಹಲ್ಲೋ ಸ್ಪ್ರಿಂಗೋ ಹೋಗಿದೆ.

ಬಾಲ್ ಜಾಯಿಂಟ್ ಬಿಗಿಯಾಗಿದೆ ಎಂದು ಖುಷಿಪಡುವ ಮುಂಚೆ ಚೆಂಡಿನ ಮೇಲ್ಮೈ ನೋಡಿ. ಸಡಿಲವಾದ ಕೀಲಿಗೆ ನೈಲ್‌ಪಾಲಿಶ್ ಅಥವಾ ಅಂಟು ಹಚ್ಚಿ ದಪ್ಪ ಮಾಡುವುದು ಎಲ್ಲರೂ ಮಾಡುವ ಉಪಾಯ, ಅದೇನೂ ಅಪರಾಧವಲ್ಲ. ಮುಚ್ಚಿಟ್ಟು ‘ಮಿಂಟ್’ (ಹೊಸದರಂತೆಯೇ ಇದೆ) ಅಂದರೆ ಮಾತ್ರ ತೊಂದರೆ. ಹೊಳೆಯುವ ಪದರ, ಸುಲಿದ ಸಿಪ್ಪೆ ಕಂಡರೆ ಕೇಳಿ.

ಬೆಲೆ ಮಾತಿಗೆ ಇಲ್ಲೊಂದು ಲೆಕ್ಕ ನೆನಪಿರಲಿ: ಸಡಿಲಾದದ್ದನ್ನು ಮನೆಯಲ್ಲೇ ಬಿಗಿ ಮಾಡಬಹುದು, ಒಡೆದದ್ದನ್ನು ಆಗುವುದಿಲ್ಲ. ಕೆಲವು ಕೀಲಿಗೆ ಬಳಸುವ ಪಾಲಿಅಸಿಟಾಲ್ ಎಂಬ ಜಾರುವ ಪ್ಲಾಸ್ಟಿಕ್‌ಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆದರೂ ಕಾಲು ತೂಗಾಡುತ್ತಿದ್ದರೆ ಬೇಡವೆಂದು ಎದ್ದುಹೋಗುವವರು, ಭುಜದ ಪಿನ್ನಿನ ಬಿರುಕಿಗೆ ‘ಪರವಾಗಿಲ್ಲ’ ಅನ್ನುತ್ತಾರೆ.

ಕೆಲವು ಅಚ್ಚುಗಳಿಗೆ ಹುಟ್ಟಿನಿಂದಲೇ ಒಂದು ದುರ್ಬಲ ಜಾಗವಿರುತ್ತದೆ. ಜಿ1 ಮಿರಾಜ್‌ಗೆ ಅದು ಸೊಂಟ. ನೀವು ಕೊಳ್ಳುವ ಆಟಿಕೆಯದು ಯಾವುದು ಎಂದು ಮೊದಲೇ ತಿಳಿದುಕೊಂಡು ಅಲ್ಲಿ ಎರಡು ಸಲ ನೋಡಿ.

ಹಂತ 6: ಈಗ ಟ್ರಾನ್ಸ್‌ಫಾರ್ಮ್ ಮಾಡಿಸಿ

ಮಾರುವವರಿಂದಲೇ ಮಾಡಿಸಿ, ವಿಡಿಯೋ ಮಾಡಿಕೊಳ್ಳಿ. ಮುರಿದರೆ ಯಾರ ಕೈಯಲ್ಲಿ ಮುರಿಯಿತು ಎಂಬ ಪ್ರಶ್ನೆ ಏಳುವುದಿಲ್ಲ. ಅವರು ಯಾವ ಭಾಗದ ಹತ್ತಿರ ಹೋಗಲು ಹಿಂಜರಿಯುತ್ತಾರೆ ನೋಡಿ. ‘ಆ ಕಡೆ ಬೇಡ ಬಿಡಿ, ಸ್ವಲ್ಪ ಟೈಟಿದೆ’ ಅಂದರೆ ಆ ಕಡೆಯೇ ಕಣ್ಣುಗಾಜು ಹಿಡಿಯಬೇಕು.

ನೀವೇ ಮಾಡುವುದಾದರೆ ಸೂಚನಾ ಹಾಳೆಯ ಕ್ರಮ ಬಿಡಬೇಡಿ. ಯಾವುದಾದರೂ ಫಲಕ ಏಳದಿದ್ದರೆ ಬಲ ಹಾಕುವುದಲ್ಲ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ. ಬಹಳ ಸಲ ಅದರಡಿ ಇನ್ನೊಂದು ಕೊಕ್ಕೆ ಬಿಡಿಸದೆ ಉಳಿದಿರುತ್ತದೆ. ಎರಡು ರೂಪದಲ್ಲೂ ಫಲಕಗಳ ನಡುವಿನ ಸಂದು ಎಡಬಲ ಒಂದೇ ಸಮ ಇರಬೇಕು. ಲಾರಿ, ಕಾರು ಆದಾಗ ಮೇಜಿನ ಮೇಲೆ ತಳ್ಳಿ ನೋಡಿ, ಎಲ್ಲ ಚಕ್ರ ನೆಲ ಮುಟ್ಟಿ ಉರುಳಬೇಕು. ಒಂದು ಮೂಲೆ ಎತ್ತಿಕೊಂಡರೆ ಒಳಗೆ ಏನೋ ಸರಿಯಾಗಿ ಕೂತಿಲ್ಲ, ಇಲ್ಲವೇ ಏನೋ ಬಾಗಿದೆ.

ಸ್ಪ್ರಿಂಗ್ ಇರುವ ಭಾಗಗಳನ್ನು ಒಂದೊಂದು ಸಲ ಒತ್ತಿ ನೋಡಿ. ಸೌಂಡ್‌ವೇವ್ (ಟೇಪ್ ರೆಕಾರ್ಡರ್ ಆಗುವ ರೋಬೋ) ಆದರೆ ಗುಂಡಿ ಒತ್ತಿದಾಗ ಎದೆಯ ಕ್ಯಾಸೆಟ್ ಬಾಗಿಲು ತಾನಾಗಿ ತೆರೆಯಬೇಕು, ಮುಚ್ಚಿದರೆ ಕೊಕ್ಕೆ ಹಿಡಿಯಬೇಕು.

ಹಂತ 7: ಬಿಡಿಭಾಗಗಳ ಪಟ್ಟಿ

ಮುಖ್ಯ ರೋಬೋ ಚೆನ್ನಾಗಿದೆ ಎಂಬ ಸಂತೋಷದಲ್ಲಿ ಇದನ್ನು ಮರೆಯುತ್ತಾರೆ. ಜಿ1 ಆಪ್ಟಿಮಸ್‌ಗೆ ಎರಡು ಮುಷ್ಟಿ ಬಿಡಿಯಾಗಿ ಇರುತ್ತವೆ. ಜೊತೆಗೆ ಬಂದೂಕು, ರೋಲರ್ ಎಂಬ ಪುಟ್ಟ ಗಾಡಿ, ಕ್ಷಿಪಣಿಗಳು, ಪೆಟ್ರೋಲ್ ಪಂಪಿನ ಪೈಪು, ಟ್ರೇಲರ್. ಮೊದಲು ಕಳೆಯುವುದು ಮುಷ್ಟಿ. ಸ್ಟಾರ್‌ಸ್ಕ್ರೀಮ್, ಸ್ಕೈವಾರ್ಪ್, ಥಂಡರ್‌ಕ್ರ್ಯಾಕರ್ ವಿಮಾನಗಳಲ್ಲಿ ರೆಕ್ಕೆ, ಬಾಲದ ರೆಕ್ಕೆ, ಮುಷ್ಟಿ, ಕ್ಷಿಪಣಿ ಎಲ್ಲ ಕಳಚುತ್ತವೆ. ಒಂದು ವಿಮಾನದ ರೆಕ್ಕೆ ಇನ್ನೊಂದಕ್ಕೆ ಹಾಕಿ ಪೂರ್ಣ ಮಾಡಿದ್ದಾರೆಯೇ ಎಂದು ಬಣ್ಣ ಹೋಲಿಸಿ ನೋಡಿ. ಸೌಂಡ್‌ವೇವ್‌ನ ಆಯುಧಗಳು ಮಡಚಿದರೆ ಬ್ಯಾಟರಿ ಆಕಾರಕ್ಕೆ ಬಂದು ಬೆನ್ನಿನ ಬ್ಯಾಟರಿ ಗೂಡಿನಲ್ಲಿ ಕೂರುತ್ತವೆ. ಆ ಮುಚ್ಚಳ ತೆಗೆದು ನೋಡದೆ ‘ಆಯುಧ ಇಲ್ಲ’ ಎಂದೂ ಹೇಳಬೇಡಿ, ‘ಇದೆ’ ಎಂದೂ ನಂಬಬೇಡಿ.

ಎಂಪಿ-10ರಲ್ಲಿ ಎಣಿಸಬೇಕಾದವು: ಟ್ರೇಲರ್, ರೋಲರ್, ಸ್ಪೈಕ್ ಎಂಬ ಪುಟ್ಟ ಮನುಷ್ಯನ ಬೊಂಬೆ, ಬಂದೂಕು, ಎನರ್ಜಾನ್ ಕೊಡಲಿ, ಎದೆಯೊಳಗಿನ ಮ್ಯಾಟ್ರಿಕ್ಸ್. ಎದೆ ತೆರೆಸಿ ನೋಡಿ.

ಬಿಡಿಭಾಗ ಇದ್ದರೆ ಸಾಲದು, ಮೂಲದ್ದೇ ಆಗಿರಬೇಕು. ಅಚ್ಚು ಹಾಕಿ ಮಾಡಿದ ಬದಲಿ ಮುಷ್ಟಿಗಳೂ ಕ್ಷಿಪಣಿಗಳೂ ಬೇಕಾದಷ್ಟಿವೆ. ನಾಲ್ಕನೆಯ ಹಂತದ ಕ್ಯಾಲಿಪರ್ ಇಲ್ಲೂ ಕೆಲಸಕ್ಕೆ ಬರುತ್ತದೆ.

ಹಂತ 8: ಪೆಟ್ಟಿಗೆ, ಇದ್ದರೆ

ಜಿ1 ಪೆಟ್ಟಿಗೆಯ ಹಿಂದಿನಿಂದ ರೋಬಾಟ್ ಪಾಯಿಂಟ್ಸ್ ಕೂಪನ್ನನ್ನೂ ಟೆಕ್ ಸ್ಪೆಕ್ಸ್ ಎಂಬ, ಪಾತ್ರದ ಬಲಾಬಲದ ಪಟ್ಟಿಯನ್ನೂ ಮಕ್ಕಳು ಕತ್ತರಿಸಿ ತೆಗೆಯುತ್ತಿದ್ದರು. ಕತ್ತರಿಸಿದ ಪೆಟ್ಟಿಗೆಗೆ ಬೆಲೆ ಕಡಿಮೆ, ಆದರೆ ಅಸಲಿ ಅನ್ನುವುದಕ್ಕೆ ಅದೂ ಒಂದು ಸಾಕ್ಷಿ. ಟೆಕ್ ಸ್ಪೆಕ್ಸ್ ಓದುವ ಕೆಂಪು ಪ್ಲಾಸ್ಟಿಕ್ ಹಾಳೆ, ಸೂಚನಾ ಪುಸ್ತಕ, ಒಳಗಿನ ಥರ್ಮೋಕೋಲ್ ತಟ್ಟೆ ಬೇರೆ ಬೇರೆ ಬೆಲೆ ಪಡೆಯುತ್ತವೆ. ‘ಸೀಲ್ಡ್’ ಅಂದರೆ ಟೇಪಿನ ಅಂಚು ನೋಡಿ. ಹಳೇ ಟೇಪ್ ಹಳದಿಯಾಗಿ ಕಾಗದಕ್ಕೆ ಕಚ್ಚಿರುತ್ತದೆ, ಹೊಸದಾಗಿ ಅಂಟಿಸಿದ್ದರ ಅಡಿಯಲ್ಲಿ ಹಿಂದೆ ಕಿತ್ತ ಕಾಗದದ ಎಳೆ ಕಾಣುತ್ತದೆ. ಹುಳ ತಿಂದ, ಬೂಷ್ಟು ಹಿಡಿದ ಪೆಟ್ಟಿಗೆಯನ್ನು ಬೇರೆ ಸಂಗ್ರಹದ ಜೊತೆ ಇಡಬೇಡಿ, ಹರಡುತ್ತದೆ.

ಹಂತ 9: ಬೆಲೆ ಮತ್ತು ಪಾರ್ಸಲ್

ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಹರಾಜು ತಾಣಗಳಲ್ಲಿ ‘ಮಾರಾಟವಾದವು’ ಎಂಬ ಆಯ್ಕೆ ಹಾಕಿ, ನಿಮ್ಮದರಷ್ಟೇ ಬಿಡಿಭಾಗ, ಅಷ್ಟೇ ಸವೆತ ಇರುವುದರ ಜೊತೆ ಹೋಲಿಸಿ. ಕಳೆದ ಭಾಗ ಬಿಡಿಯಾಗಿ ಕೊಳ್ಳಲು ಎಷ್ಟಾಗುತ್ತದೆ ಎಂದು ನೋಡಿ, ಅಷ್ಟನ್ನು ಕಳೆಯಿರಿ. ‘ಪೂರ್ತಿ ಸೆಟ್’ ಬೆಲೆಗೆ ಒಂದು ಮುಷ್ಟಿ ಇಲ್ಲದ ಆಪ್ಟಿಮಸ್ ಕೊಳ್ಳಬೇಡಿ.

ವಿದೇಶದಿಂದ ತರಿಸುವುದಾದರೆ ಸುಂಕವೂ ಲೆಕ್ಕದಲ್ಲಿರಲಿ. ಭಾರತದಲ್ಲಿ ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೂ 2023ರಲ್ಲಿ ಶೇ 70ಕ್ಕೂ ಏರಿತು. ಪಾರ್ಸಲನ್ನು ಯಾವ ಶೀರ್ಷಿಕೆಯಡಿ ತೋರಿಸುತ್ತಾರೆ ಎಂಬುದರ ಮೇಲೆ ಕಟ್ಟಬೇಕಾದದ್ದು ಬದಲಾಗುತ್ತದೆ, ಹಾಗಾಗಿ ಕೊರಿಯರ್ ಕಂಪನಿಯನ್ನು ಮೊದಲೇ ಕೇಳಿ. ಜಿ1 ಮೆಗಾಟ್ರಾನ್ ತರಿಸುವವರಿಗೆ ಇನ್ನೊಂದು ಮಾತು. ಅದು ವಾಲ್ಥರ್ ಪಿ38 ಪಿಸ್ತೂಲಿನ ರೂಪ ತಾಳುವ ಆಟಿಕೆ. ಸ್ಕ್ಯಾನರಿನಲ್ಲಿ ಪಿಸ್ತೂಲಿನಂತೆಯೇ ಕಂಡು ತಡೆಹಿಡಿಯಬಹುದು. ರೋಬೋ ರೂಪದಲ್ಲಿ ಪ್ಯಾಕ್ ಮಾಡಲು ಹೇಳಿ.

ಯಾವ ಆಟಿಕೆಯಾದರೂ ಕ್ಷಿಪಣಿ, ಮುಷ್ಟಿಗಳನ್ನು ಬೇರೆ ಜಿಪ್ ಚೀಲದಲ್ಲಿ ಹಾಕಿಸಿ. ಬಬಲ್ ಹಾಳೆ ಪ್ಲಾಸ್ಟಿಕ್ಕಿಗೆ ನೇರ ತಾಗದಂತೆ ಒಳಗೊಂದು ಸಾದಾ ಕಾಗದ ಸುತ್ತಿಸಿ, ಬಿಸಿಗೆ ಗುಳ್ಳೆಗಳ ಅಚ್ಚು ಮೇಲ್ಮೈಗೆ ಬೀಳಬಹುದು. ಬಂದ ಪೆಟ್ಟಿಗೆಯ ಟೇಪ್ ಕತ್ತರಿಸುವಾಗಿನಿಂದ ಕೊನೆಯ ಭಾಗ ಟವೆಲ್ ಮೇಲೆ ಇಡುವವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ಆಮೇಲೆ ಮೂರನೆಯ ಹಂತದಿಂದ ಮತ್ತೆ ಶುರುಮಾಡಿ.